ಕೈ ಎತ್ತಿ ಒಪ್ಪುವ ಬಜೆಟ್: ನ್ಯೂ ಹ್ಯಾಂಪ್‌ಶೈರ್‌ನ ಹಳ್ಳಿ ಶಾಲೆಯೊಂದರ ಲೆಕ್ಕಪತ್ರ

ಅಮೆರಿಕದ ಹಳ್ಳಿಯಲ್ಲಿ ಸರ್ಕಾರಿ ಶಾಲೆ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಂದಿಡುವುದು ನಮ್ಮ ಮನೆಯ ತೆರಿಗೆ ಚೀಟಿಯನ್ನು. ನಾವಿರುವುದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಕನೆಕ್ಟಿಕಟ್ ನದಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ. ವರ್ಷಕ್ಕೆ ಎರಡು ಸಲ ಬರುವ ಆ ಚೀಟಿಯಲ್ಲಿ ನಾಲ್ಕು ಬಾಬತ್ತುಗಳಿರುತ್ತವೆ: ಊರಿನ ಆಡಳಿತ, ಕೌಂಟಿ (ನಮ್ಮ ಜಿಲ್ಲೆಯಂಥದು), ರಾಜ್ಯದ ಶಿಕ್ಷಣ ತೆರಿಗೆ, ಊರಿನ ಶಾಲಾ ತೆರಿಗೆ. ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಈ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ, ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯೂ ಇಲ್ಲ. ಬಡ್ಡಿ ಮತ್ತು ಲಾಭಾಂಶದ ಮೇಲಿದ್ದ ತೆರಿಗೆಯನ್ನು 2025ರ ಜನವರಿಯಿಂದ ತೆಗೆದುಹಾಕಿದ್ದಾರೆ. ಹಾಗಾಗಿ ಶಾಲೆಯ ಭಾರ ಬಂದು ಬೀಳುವುದು ಮನೆ ಮತ್ತು ಜಮೀನಿನ ಮೇಲೆ.

ನನ್ನ ಮಗಳು ಶಾಲೆಗೆ ಸೇರಿದ ಮೇಲೆ ಆ ಕೊನೆಯ ಬಾಬತ್ತು ಯಾರ ತೀರ್ಮಾನ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪೌರತ್ವ ಸಿಕ್ಕು ಮತದಾರರ ಪಟ್ಟಿಗೆ ಹೆಸರು ಸೇರಿದ ನಂತರ, ಶಾಲೆಯ ಬಜೆಟ್ ಸಮಿತಿಯಲ್ಲಿ ಒಂದು ಸ್ಥಾನ ಖಾಲಿಯಿದೆ ಎಂದು ಗ್ರಂಥಾಲಯದ ಫಲಕದಲ್ಲಿ ಓದಿದೆ. ಅರ್ಜಿ ಹಾಕಿದವರು ಬೇರೆ ಯಾರೂ ಇರಲಿಲ್ಲ. ಸಮಿತಿಯವರು ನನ್ನನ್ನು ನೇಮಿಸಿಕೊಂಡರು. ಅಲ್ಲಿಂದ ಮುಂದಿನ ಒಂದು ಬಜೆಟ್ ವರ್ಷ ಹೇಗೆ ಸಾಗಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆಯ ಪರಿಚಯ. ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ಇಲ್ಲಿ ಕಾನೂನಿನ ಪ್ರಕಾರ ಊರಿನ ಆಡಳಿತದಿಂದ ಬೇರೆಯೇ ಆದ ಸಂಸ್ಥೆ. ಎರಡಕ್ಕೂ ಗಡಿ ಒಂದೇ ಇರಬಹುದು, ಮತದಾರರೂ ಅವರೇ ಇರಬಹುದು. ಆದರೆ ಶಾಲೆಗೆ ತನ್ನದೇ ಚುನಾಯಿತ ಮಂಡಳಿ ಇದೆ, ತನ್ನದೇ ಖಜಾಂಚಿ, ಗುಮಾಸ್ತ ಮತ್ತು ಸಭೆ ನಡೆಸಿಕೊಡುವ ಮಾಡರೇಟರ್ ಇದ್ದಾರೆ. ಇವರೆಲ್ಲರನ್ನೂ ಊರಿನವರೇ ಆರಿಸುತ್ತಾರೆ. ನಮ್ಮ ಮಂಡಳಿಯ ಸದಸ್ಯರಲ್ಲಿ ಒಬ್ಬರು ಮರ ಕೊಯ್ಯುವ ಕೆಲಸದವರು, ಒಬ್ಬರು ನಿವೃತ್ತ ನರ್ಸ್. ಗೌರವಧನ ಎಂದು ವರ್ಷಕ್ಕೊಮ್ಮೆ ಸಿಗುವ ಹಣ ಓಡಾಟದ ಪೆಟ್ರೋಲಿಗೂ ಸಾಲದು.

ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಪ್ರತ್ಯೇಕ ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟಿನ ಮುಖ್ಯ ಆಡಳಿತಾಧಿಕಾರಿ) ಇಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕಾಗಿ ಅಕ್ಕಪಕ್ಕದ ಊರುಗಳು ಸೇರಿ ಎಸ್‌ಎಯು ಎಂದು ಕರೆಯುವ ಆಡಳಿತ ಘಟಕವನ್ನು ನಡೆಸುತ್ತವೆ. ಸೂಪರಿಂಟೆಂಡೆಂಟ್, ಲೆಕ್ಕಪತ್ರ ವಿಭಾಗ, ವಿಶೇಷ ಶಿಕ್ಷಣದ ನಿರ್ದೇಶಕರು ಎಲ್ಲ ಊರುಗಳಿಗೂ ಸೇರಿದವರು. ಖರ್ಚನ್ನು ಮಕ್ಕಳ ಸಂಖ್ಯೆ ಮತ್ತು ಆಸ್ತಿಯ ಮೌಲ್ಯ ನೋಡಿ ಹಂಚಿಕೊಳ್ಳುತ್ತಾರೆ. ನಮ್ಮ ಊರಿನಲ್ಲಿರುವುದು ಪ್ರಾಥಮಿಕ ಶಾಲೆ ಮಾತ್ರ. ಹೈಸ್ಕೂಲಿಗೆ ಮಕ್ಕಳು ಪಕ್ಕದ ದೊಡ್ಡ ಊರಿಗೆ ಹೋಗುತ್ತಾರೆ. ಪ್ರತಿ ಮಗುವಿನ ಲೆಕ್ಕದಲ್ಲಿ ನಮ್ಮ ಡಿಸ್ಟ್ರಿಕ್ಟ್ ಆ ಊರಿಗೆ ಶುಲ್ಕ ಕಟ್ಟುತ್ತದೆ. ಪೋಷಕರು ಒಂದು ಸೆಂಟನ್ನೂ ಕೊಡುವುದಿಲ್ಲ.

ನನ್ನ ತಂದೆ ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. 2001ರಲ್ಲಿ ಕರ್ನಾಟಕದಲ್ಲಿ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಾಗ ಅದರ ಮೊದಲ ಸಭೆಗಳನ್ನು ನಡೆಸಿದವರು. ಫೋನಿನಲ್ಲಿ ನಾನು ಇಲ್ಲಿಯ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಮೇಷ್ಟರ ಸಂಬಳವನ್ನೂ ಊರವರೇ ತೀರ್ಮಾನ ಮಾಡುತ್ತಾರೆಯೇ?"

"ಹೌದು ಅಪ್ಪ, ಸಂಬಳ, ಬಸ್ಸು, ಹೀಟರಿನ ಎಣ್ಣೆ ಎಲ್ಲವೂ."

"ಊರವರು ಬೇಡ ಎಂದರೆ?"

ಆ ಪ್ರಶ್ನೆಗೆ ಉತ್ತರ ನನಗೆ ಮಾರ್ಚ್‌ನಲ್ಲಿ ಸಿಕ್ಕಿತು. ಅವರ ಕಾಲದ ಶಾಲೆಯಲ್ಲಿ ಸಂಬಳ ಖಜಾನೆಯಿಂದ ಬರುತ್ತಿತ್ತು, ಪುಸ್ತಕ ಮತ್ತು ಸಮವಸ್ತ್ರ ಇಲಾಖೆಯಿಂದ. ಎಸ್‌ಡಿಎಂಸಿಯ ಕೈಗೆ ಬರುತ್ತಿದ್ದುದು ಸುಣ್ಣಬಣ್ಣ, ಚಿಕ್ಕಪುಟ್ಟ ದುರಸ್ತಿಗೆ ಆಗುವಷ್ಟು ಅನುದಾನ. ಊರು ಬಡವಾಗಿದ್ದರೂ ಮೇಷ್ಟರ ಸಂಬಳ ಕಡಿಮೆಯಾಗುತ್ತಿರಲಿಲ್ಲ. ಇಲ್ಲಿ ಊರಿನ ಕೈಯಲ್ಲಿ ನಿಜವಾದ ಅಧಿಕಾರವಿದೆ. ಆ ಅಧಿಕಾರವನ್ನು ಚಲಾಯಿಸಲು ಬೇಕಾದ ಹಣ ಮಾತ್ರ ಊರಿನ ನೆಲ ಎಷ್ಟು ಬೆಲೆ ಬಾಳುತ್ತದೆಯೋ ಅಷ್ಟೇ.

ಕೆಲಸ ಶುರುವಾಗುವುದು ಶರತ್ಕಾಲದಲ್ಲಿ. ಇಲ್ಲಿಯ ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಮುಂದಿನ ಜುಲೈಯಲ್ಲಿ ಆರಂಭವಾಗುವ ವರ್ಷದ ಬಜೆಟ್ಟಿನ ಕರಡನ್ನು ಎಸ್‌ಎಯು ಕಚೇರಿ ಅಕ್ಟೋಬರ್ ಹೊತ್ತಿಗೆ ಸಿದ್ಧಪಡಿಸುತ್ತದೆ. ಶಾಲಾ ಮಂಡಳಿ ಅದನ್ನು ತಿದ್ದುತ್ತದೆ. ನಂತರ ಅದು ಬಜೆಟ್ ಸಮಿತಿಗೆ ಬರುತ್ತದೆ. ನಮ್ಮ ಶಿಫಾರಸಿಗೆ ಬೆಲೆ ಇದೆ: ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಊರಿನ ಸಭೆ ನಾವು ಹೇಳಿದ ಮೊತ್ತಕ್ಕಿಂತ ಶೇ 10ಕ್ಕೂ ಹೆಚ್ಚು ಏರಿಸುವಂತಿಲ್ಲ. ಕಡಿಮೆ ಮಾಡುವುದಕ್ಕೆ ಅಂಥ ಮಿತಿ ಇಲ್ಲ. ಈ ಎರಡನೆಯ ಮಾತು ಎಷ್ಟು ಗಂಭೀರವಾದದ್ದು ಎಂಬುದು ಮುಂದೆ ಬರುತ್ತದೆ.

ಕರಡು ಪುಸ್ತಕ ಕೈಗೆ ಬಂದಾಗ ನನ್ನಂತೆ ಎಲ್ಲರೂ ಮೊದಲು ಹುಡುಕುವುದು ಎಲ್ಲಿ ಉಳಿಸಬಹುದು ಎಂದು. ಪುಟ ತಿರುವುತ್ತ ಹೋದಂತೆ ಉಳಿತಾಯದ ಜಾಗ ಕಿರಿದಾಗುತ್ತ ಹೋಯಿತು. ಶಿಕ್ಷಕರ ಸಂಬಳ ಸಂಘದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ನಿಗದಿಯಾಗಿದೆ. ಆರೋಗ್ಯ ವಿಮೆಯ ಕಂತು ಎಷ್ಟು ಏರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಪಿಂಚಣಿ ನಿಧಿಗೆ ಕಟ್ಟಬೇಕಾದ ದರವನ್ನು ರಾಜ್ಯದ ನಿವೃತ್ತಿ ವ್ಯವಸ್ಥೆ ಹೇಳುತ್ತದೆ. ಹಿಂದೆ ಆ ಕಂತಿನ ಶೇ 35ರಷ್ಟನ್ನು ರಾಜ್ಯವೇ ಕೊಡುತ್ತಿತ್ತು. 2010ರ ದಶಕದ ಆರಂಭದಲ್ಲಿ ಅದನ್ನು ಕಡಿಮೆ ಮಾಡುತ್ತ ಹೋಗಿ ಕೊನೆಗೆ ನಿಲ್ಲಿಸಿತು. ಅಂದಿನಿಂದ ಅದೂ ಮನೆತೆರಿಗೆಗೆ ಸೇರಿಕೊಂಡಿದೆ. ಹೈಸ್ಕೂಲಿನ ಶುಲ್ಕ ಎಷ್ಟು ಎಂದು ಪಕ್ಕದ ಊರು ಹೇಳುತ್ತದೆ. ಬಸ್ಸಿನ ಗುತ್ತಿಗೆಗೆ ಟೆಂಡರ್ ಕರೆದರೆ ಬರುವುದು ಒಂದೇ ಅರ್ಜಿ. ಬೆಟ್ಟದ ರಸ್ತೆ, ಆರು ತಿಂಗಳ ಚಳಿ, ಊರಿನ ಎರಡು ತುದಿಯಲ್ಲಿ ಚದುರಿದ ಮನೆಗಳು. ಇಪ್ಪತ್ತು ಮಕ್ಕಳಿದ್ದರೂ ಬಸ್ಸು ಅಷ್ಟೇ ದೂರ ಓಡಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ವಿಶೇಷ ಶಿಕ್ಷಣದ ಪುಟ. ಅಂಗವೈಕಲ್ಯವುಳ್ಳ ಪ್ರತಿ ಮಗುವಿಗೂ ಅಗತ್ಯವಿರುವ ಶಿಕ್ಷಣ ಕೊಡಬೇಕು ಎಂದು 1975ರ ಕೇಂದ್ರ ಕಾನೂನು ಹೇಳುತ್ತದೆ. ಇದು ಅಮೆರಿಕದ ಶಾಸನಗಳಲ್ಲಿ ನನಗೆ ಅತ್ಯಂತ ಗೌರವವಿರುವ ಒಂದು. ನನ್ನ ಬಾಲ್ಯದ ಊರಿನಲ್ಲಿ ಕಿವಿ ಕೇಳದ ಹುಡುಗನೊಬ್ಬ ಶಾಲೆಯ ಮೆಟ್ಟಿಲು ಹತ್ತದೆಯೇ ಬೆಳೆದುದನ್ನು ನೋಡಿದ್ದೇನೆ. ಇಲ್ಲಿ ಅಂಥ ಮಗುವಿಗೆ ತರಬೇತಿ ಪಡೆದ ಸಹಾಯಕಿ, ಮಾತಿನ ಚಿಕಿತ್ಸಕರು, ಬೇಕಾದರೆ ಬೇರೆ ಊರಿನ ವಿಶೇಷ ಶಾಲೆ, ಅಲ್ಲಿಗೆ ಹೋಗಿಬರಲು ವಾಹನ ಎಲ್ಲವೂ ಹಕ್ಕು. ಈ ಕಾನೂನು ತಂದಾಗ ಕೇಂದ್ರ ಸರ್ಕಾರ ಒಂದು ಮಗುವಿನ ರಾಷ್ಟ್ರೀಯ ಸರಾಸರಿ ವೆಚ್ಚದ ಶೇ 40ರವರೆಗೆ ನೆರವು ಕೊಡುವುದಾಗಿ ಹೇಳಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದರ ಅರ್ಧವನ್ನು ಕಾಯಂ ಆಗಿ ಕೊಟ್ಟದ್ದಿಲ್ಲ.

ಊರು ದೊಡ್ಡದಿದ್ದರೆ ಈ ಖರ್ಚು ಹರಡಿಕೊಳ್ಳುತ್ತದೆ. ನಮ್ಮಂಥ ಊರಿಗೆ ಹೆಚ್ಚಿನ ನೆರವು ಬೇಕಾದ ಮಗುವಿರುವ ಒಂದು ಕುಟುಂಬ ಬಂದರೆ ಬಜೆಟ್ಟಿನ ಲೆಕ್ಕವೇ ಬದಲಾಗುತ್ತದೆ. ಹೊರಗಿನ ವಿಶೇಷ ಶಾಲೆಯ ಖರ್ಚು ವರ್ಷಕ್ಕೆ 1 ಲಕ್ಷ ಡಾಲರ್ ದಾಟುವುದು ಅಪರೂಪವಲ್ಲ. ಒಂದು ಮಿತಿಯ ಮೇಲಿನ ಖರ್ಚಿನಲ್ಲಿ ರಾಜ್ಯ ಪಾಲು ಕೊಡುತ್ತದೆ. ಆದರೆ ಶಾಸನಸಭೆ ಅದಕ್ಕೆಂದು ಇಟ್ಟ ಹಣ ಸಾಲದೆ ಹೋದರೆ ಎಲ್ಲರಿಗೂ ಕಡಿತವಾಗುತ್ತದೆ, ಅದೂ ಖರ್ಚಾದ ಮುಂದಿನ ವರ್ಷ ಕೈಸೇರುತ್ತದೆ. ಅದಕ್ಕಾಗಿ ನಮ್ಮ ಡಿಸ್ಟ್ರಿಕ್ಟ್ ಒಂದು ಮೀಸಲು ನಿಧಿಗೆ ವರ್ಷವರ್ಷವೂ ಸ್ವಲ್ಪ ಹಣ ಹಾಕುತ್ತದೆ.

ಸಮಿತಿಯ ಸಭೆಗಳು ಸಾರ್ವಜನಿಕ. ಯಾರು ಬೇಕಾದರೂ ಬಂದು ಕೂರಬಹುದು, ಐದು ಕೆಲಸದ ದಿನಗಳೊಳಗೆ ನಡಾವಳಿ ನೋಡಲು ಸಿಗಬೇಕು. ಇಷ್ಟು ಸಣ್ಣ ಊರಿನಲ್ಲಿ "ಹೊರಗಿನ ಶಾಲೆಗೆ ಕಳಿಸಿದ ಒಂದು ಮಗು" ಎಂದು ಬರೆದರೆ ಸಾಕು, ಅದು ಯಾರ ಮನೆಯ ಮಗು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಈ ಬಾಬತ್ತಿನ ಬಗ್ಗೆ ಒಂದು ಸಂಜೆ ಒಬ್ಬರು ಬಿರುಸಾಗಿ ಪ್ರಶ್ನಿಸಿದಾಗ ನಮ್ಮ ಅಧ್ಯಕ್ಷೆ ಕಡತ ಮುಚ್ಚಿ, "ಕಾನೂನು ಕೊಡಬೇಕು ಎನ್ನುತ್ತದೆ, ನಾವು ಕೊಡುತ್ತೇವೆ. ಇದಕ್ಕಿಂತ ಹೆಚ್ಚು ಈ ಕೋಣೆಯಲ್ಲಿ ಮಾತಾಡುವುದಿಲ್ಲ" ಎಂದರು. ಆ ವರ್ಷ ನಾನು ಕಂಡ ಅತ್ಯಂತ ಒಳ್ಳೆಯ ಆಡಳಿತ ಅದು.

ಆದಾಯದ ಕಡೆ ಪುಟಗಳು ಕಡಿಮೆ. ಕೇಂದ್ರದಿಂದ ಬಡ ಮಕ್ಕಳಿಗಾಗಿ ಟೈಟಲ್ ಒನ್ ಎಂಬ ಅನುದಾನ, ಮಧ್ಯಾಹ್ನದ ಊಟಕ್ಕೆ ನೆರವು, 600ಕ್ಕಿಂತ ಕಡಿಮೆ ಮಕ್ಕಳಿರುವ ಗ್ರಾಮೀಣ ಡಿಸ್ಟ್ರಿಕ್ಟ್‌ಗಳಿಗೆಂದೇ ಒಂದು ಸಣ್ಣ ಅನುದಾನ. ಇವೆಲ್ಲ ಸೇರಿದರೂ ಬಜೆಟ್ಟಿನ ಒಂದು ಮೂಲೆ. ಉಳಿದದ್ದು ರಾಜ್ಯ ಮತ್ತು ಊರು.

ರಾಜ್ಯದ ಕಥೆ ಉದ್ದವಾದದ್ದು. 1784ರ ರಾಜ್ಯ ಸಂವಿಧಾನದ 83ನೆಯ ವಿಧಿ ವಿದ್ಯೆಯನ್ನೂ ಸಾರ್ವಜನಿಕ ಶಾಲೆಗಳನ್ನೂ ಪೋಷಿಸುವುದು ಶಾಸಕರ ಕರ್ತವ್ಯ ಎನ್ನುತ್ತದೆ. ಇದನ್ನು ಹಿಡಿದು ಕ್ಲೇರ್ಮಾಂಟ್, ಫ್ರಾಂಕ್ಲಿನ್, ಪಿಟ್ಸ್‌ಫೀಲ್ಡ್, ಲಿಸ್ಬನ್, ಆಲನ್ಸ್‌ಟೌನ್ ಎಂಬ ಐದು ಬಡ ಊರುಗಳ ಡಿಸ್ಟ್ರಿಕ್ಟ್‌ಗಳು ನ್ಯಾಯಾಲಯಕ್ಕೆ ಹೋದವು. 1993ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಮರ್ಪಕ ಶಿಕ್ಷಣ ಕೊಡುವುದು ರಾಜ್ಯದ ಹೊಣೆ ಎಂದಿತು. 1997ರಲ್ಲಿ, ರಾಜ್ಯದ ಹೊಣೆಯನ್ನು ಊರೂರಿಗೆ ಬೇರೆಬೇರೆ ದರದ ಆಸ್ತಿ ತೆರಿಗೆಯಿಂದ ತೀರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅದಕ್ಕೆ ಉತ್ತರವಾಗಿ 1999ರಲ್ಲಿ ಬಂದದ್ದೇ ನನ್ನ ಚೀಟಿಯಲ್ಲಿರುವ ರಾಜ್ಯ ಶಿಕ್ಷಣ ತೆರಿಗೆ. ಅದನ್ನು ಊರೇ ವಸೂಲಿ ಮಾಡಿ ಊರಿನ ಶಾಲೆಗೇ ಕೊಡುತ್ತದೆ. ಲೆಕ್ಕದಲ್ಲಿ ಮಾತ್ರ ಅದು ರಾಜ್ಯದ ಕೊಡುಗೆ ಎಂದು ಸೇರುತ್ತದೆ. ಸಮಿತಿಗೆ ಬಂದ ಮೊದಲ ತಿಂಗಳಲ್ಲಿ ಇದನ್ನು ಅರ್ಥ ಮಾಡಿಕೊಂಡಾಗ ನನಗೆ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಒಂದು ಮಗುವಿಗೆ ಸಮರ್ಪಕ ಶಿಕ್ಷಣ ಕೊಡಲು ಆಗುವ ಮೂಲವೆಚ್ಚ ಎಂದು ರಾಜ್ಯ ಹಿಡಿದಿದ್ದು ಸುಮಾರು 4,100 ಡಾಲರ್. ಬಡ ಕುಟುಂಬದ ಮಕ್ಕಳಿಗೆ, ವಿಶೇಷ ಶಿಕ್ಷಣದ ಮಕ್ಕಳಿಗೆ ಒಂದಿಷ್ಟು ಹೆಚ್ಚು. ರಾಜ್ಯದಲ್ಲಿ ಒಂದು ಮಗುವಿನ ಮೇಲೆ ಶಾಲೆಗಳು ಮಾಡುತ್ತಿರುವ ಸರಾಸರಿ ಖರ್ಚು 20,000 ಡಾಲರ್ ದಾಟಿದೆ. ಪೀಟರ್‌ಬರೋ ಸುತ್ತಲಿನ ಒಂಬತ್ತು ಊರುಗಳ ಕಾನ್‌ವಾಲ್ ಡಿಸ್ಟ್ರಿಕ್ಟ್ 2019ರಲ್ಲಿ ಇದನ್ನು ಪ್ರಶ್ನಿಸಿತು. 2023ರ ನವೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ, ಮೂಲವೆಚ್ಚ ಕನಿಷ್ಠ 7,356 ಡಾಲರ್ ಆದರೂ ಇರಬೇಕು ಎಂದು ತೀರ್ಪು ಕೊಟ್ಟಿತು. 2025ರ ಜುಲೈ 1ರಂದು ಸುಪ್ರೀಂ ಕೋರ್ಟ್ 3–2 ಬಹುಮತದಿಂದ, ಈಗಿನ ಮೊತ್ತ ಸಾಲದು ಎಂಬ ಮಾತನ್ನು ಎತ್ತಿಹಿಡಿಯಿತು. ಹಣವನ್ನು ಕೂಡಲೇ ಕೊಡಿ ಎಂಬ ಆದೇಶವನ್ನು ಮಾತ್ರ ಎತ್ತಿಹಿಡಿಯಲಿಲ್ಲ.

ಉಳಿದ ವ್ಯತ್ಯಾಸವನ್ನೆಲ್ಲ ಊರು ತುಂಬಬೇಕು. ಊರಿನ ಒಟ್ಟು ಆಸ್ತಿಯ ಮೌಲ್ಯ 20 ಕೋಟಿ ಡಾಲರ್ ಎಂದಿಟ್ಟುಕೊಳ್ಳಿ. ಶಾಲೆಗೆ ಹೆಚ್ಚುವರಿ 2 ಲಕ್ಷ ಡಾಲರ್ ಬೇಕಾದರೆ ತೆರಿಗೆ ಪ್ರತಿ ಸಾವಿರಕ್ಕೆ 1 ಡಾಲರ್ ಏರುತ್ತದೆ. 3 ಲಕ್ಷ ಡಾಲರಿನ ಮನೆಯಿರುವವರು ವರ್ಷಕ್ಕೆ 300 ಡಾಲರ್ ಹೆಚ್ಚು ಕಟ್ಟಬೇಕು. ಅದೇ ವಿನ್ನಿಪೆಸಾಕೀ ಸರೋವರದ ದಂಡೆಯ ಊರಿನಲ್ಲಿ ಬೇಸಿಗೆಗೆ ಮಾತ್ರ ಬಂದುಹೋಗುವ ಶ್ರೀಮಂತರ ಬಂಗಲೆಗಳಿರುತ್ತವೆ. ಅಲ್ಲಿಯ ಆಸ್ತಿ 200 ಕೋಟಿ ಡಾಲರ್ ಆದರೆ, ಅದೇ 2 ಲಕ್ಷಕ್ಕೆ ಅಂಥದೇ ಬೆಲೆಯ ಮನೆಯವರು ಕೊಡಬೇಕಾದದ್ದು 30 ಡಾಲರ್. ಆ ಬಂಗಲೆಗಳಿಂದ ಶಾಲೆಗೆ ಬರುವ ಮಕ್ಕಳೂ ಇಲ್ಲ.

ನಮ್ಮ ಊರಿನಲ್ಲಿ ಸರೋವರವಿಲ್ಲ, ಕಾಡಿದೆ. ಹತ್ತು ಎಕರೆಗೆ ಕಡಿಮೆಯಿಲ್ಲದ ಕಾಡು ಮತ್ತು ಹುಲ್ಲುಗಾವಲನ್ನು ಈಗಿನ ಬಳಕೆಯ ಬೆಲೆಗೆ ಹಿಡಿಯಬಹುದು ಎಂದು 1973ರ ಕಾನೂನೊಂದು ಹೇಳುತ್ತದೆ. ಮಾರುಕಟ್ಟೆಯ ಬೆಲೆಗೆ ತೆರಿಗೆ ಹಾಕಿದ್ದರೆ ರೈತರು ಜಮೀನು ಮಾರಿ ಹೋಗಬೇಕಾಗಿತ್ತು, ಬೆಟ್ಟವೆಲ್ಲ ಸೈಟುಗಳಾಗುತ್ತಿತ್ತು. ಕಾನೂನು ಸರಿಯಾದದ್ದೇ. ಆದರೆ ಊರಿನ ಬಹುಪಾಲು ನೆಲ ಹೀಗೆ ಕಡಿಮೆ ಬೆಲೆಯಲ್ಲಿ ದಾಖಲಾದಾಗ ಶಾಲೆಯ ಭಾರ ಉಳಿದ ಕೆಲವೇ ಮನೆಗಳ ಮೇಲೆ ಇಳಿಯುತ್ತದೆ. ಆ ಮನೆಗಳಲ್ಲಿ ಹೆಚ್ಚಿನವರು ವಯಸ್ಸಾದವರು. ಮನೆಯ ಬೆಲೆ ಏರಿದೆ, ಪಿಂಚಣಿ ಏರಿಲ್ಲ.

ಜನವರಿಯಲ್ಲಿ ಬಹಿರಂಗ ಸಭೆ ನಡೆಸಿ ಬಜೆಟ್ಟಿನ ಬಗ್ಗೆ ಊರಿನ ಅಭಿಪ್ರಾಯ ಕೇಳಬೇಕು. ಹಿಮ ಬೀಳುತ್ತಿದ್ದ ಆ ರಾತ್ರಿ ಬಂದವರು ಬೆರಳೆಣಿಕೆಯಷ್ಟು ಜನ. ಕೇಳಿದ ಪ್ರಶ್ನೆಗಳು ಕಡಿಮೆ. ನಂತರ ಸಮಿತಿ ಒಂದೊಂದೇ ಬಾಬತ್ತಿಗೆ ಮತ ಹಾಕಿ, ಎಂಎಸ್-27 ಎಂಬ ನಮೂನೆಗೆ ನಾವೆಲ್ಲ ಸಹಿ ಹಾಕಿದೆವು. ಸಭೆಯ ವಿಷಯಪಟ್ಟಿಯನ್ನು ಇಲ್ಲಿ ವಾರಂಟ್ ಎನ್ನುತ್ತಾರೆ. ಸಭೆಗೆ ಕನಿಷ್ಠ 14 ದಿನ ಮೊದಲೇ ಅದನ್ನು ಊರಿನಲ್ಲಿ ಪ್ರಕಟಿಸಬೇಕು. ಅದರಲ್ಲಿ ಇಲ್ಲದ ವಿಷಯಕ್ಕೆ ಸಭೆ ಹಣ ಒಪ್ಪುವಂತಿಲ್ಲ. 25 ಮತದಾರರ ಸಹಿ ತಂದರೆ ಸಾಮಾನ್ಯ ನಾಗರಿಕರೂ ಅದರಲ್ಲಿ ವಿಷಯ ಸೇರಿಸಬಹುದು.

1995ರ ಕಾನೂನಿನ ನಂತರ ರಾಜ್ಯದ ಎಷ್ಟೋ ಊರುಗಳು ಫೆಬ್ರುವರಿಯಲ್ಲಿ ಚರ್ಚೆ, ಮಾರ್ಚ್‌ನಲ್ಲಿ ಮತಪತ್ರ ಎಂಬ ಕ್ರಮಕ್ಕೆ ಬದಲಾಗಿವೆ. ನಮ್ಮೂರು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿದೆ: ಒಂದೇ ಸಭೆ, ಅಲ್ಲೇ ಚರ್ಚೆ, ಅಲ್ಲೇ ಮತ. ಬಂದವರದೇ ತೀರ್ಮಾನ.

ಇದರ ಅಪಾಯವನ್ನು ಇಡೀ ದೇಶಕ್ಕೆ ತೋರಿಸಿದ್ದು ನಮ್ಮ ಭಾಗದ್ದೇ ಆದ ಕ್ರಾಯ್ಡನ್. ಸುಮಾರು 800 ಜನರ ಆ ಊರಿನಲ್ಲಿ 2022ರ ಮಾರ್ಚ್ ಸಭೆಗೆ ಬಂದವರು ಕೆಲವೇ ಮಂದಿ. ಸಭೆಯ ನಡುವೆ ಒಬ್ಬರು ಎದ್ದುನಿಂತು 17 ಲಕ್ಷ ಡಾಲರಿನ ಶಾಲಾ ಬಜೆಟ್ಟನ್ನು 8 ಲಕ್ಷಕ್ಕೆ ಇಳಿಸುವ ತಿದ್ದುಪಡಿ ತಂದರು. ಅದು 20–14 ಮತಗಳಿಂದ ಅಂಗೀಕಾರವಾಯಿತು. ಅರ್ಧಕ್ಕಿಂತ ಹೆಚ್ಚು ಹಣ ಒಂದು ಬೆಳಗಿನಲ್ಲಿ ಹೋಯಿತು. ಅದನ್ನು ಬದಲಿಸಲು ವಿಶೇಷ ಸಭೆ ಕರೆಯಬೇಕು, ಅದಕ್ಕೆ ನೋಂದಾಯಿತ ಮತದಾರರಲ್ಲಿ ಅರ್ಧದಷ್ಟಾದರೂ ಜನ ಬರಬೇಕು ಎಂದು ಕಾನೂನು. ಊರಿನವರು ಮನೆಮನೆ ತಿರುಗಿ ಕರೆದರು. ಮೇ 7ರಂದು ಸೇರಿದವರಲ್ಲಿ 377 ಮಂದಿ ಹಳೆಯ ಬಜೆಟ್ಟಿನ ಪರ, 2 ಮಂದಿ ವಿರುದ್ಧ. ನಮ್ಮ ಸಮಿತಿಯಲ್ಲಿ ಕ್ರಾಯ್ಡನ್ ಹೆಸರು ಎತ್ತದ ಸಭೆಯೇ ಇರಲಿಲ್ಲ. ಸಭೆಯ ಹಿಂದಿನ ವಾರ ನಾನೂ ಫೋನ್ ಹಿಡಿದು ಪೋಷಕರನ್ನು ಕರೆದೆ. ಮಕ್ಕಳನ್ನು ನೋಡಿಕೊಳ್ಳಲು ಗ್ರಂಥಾಲಯದಲ್ಲಿ ಇಬ್ಬರು ಅಜ್ಜಿಯರು ಒಪ್ಪಿಕೊಂಡಿದ್ದರು.

ಸಭೆ ನಡೆದದ್ದು ಶಾಲೆಯ ಜಿಮ್‌ನಲ್ಲಿ. ಬಾಗಿಲಲ್ಲಿ ಮತದಾರರ ಪಟ್ಟಿ ಹಿಡಿದ ಮೂವರು ಹೆಸರು ನೋಡಿ, ಮತ ಹಾಕುವಾಗ ಎತ್ತಿ ತೋರಿಸುವ ಹಸಿರು ಕಾರ್ಡ್ ಕೊಡುತ್ತಿದ್ದರು. ಮೇಲಿನ ತರಗತಿಯ ಮಕ್ಕಳು ತಮ್ಮ ಪ್ರವಾಸಕ್ಕೆ ಹಣ ಕೂಡಿಸಲು ಹುರುಳಿಕಾಯಿ ಸೂಪು, ಸೇಬಿನ ಪೈ ಮಾರುತ್ತಿದ್ದರು. ಮಾಡರೇಟರ್ ನಿಯಮಗಳನ್ನು ಓದಿದರು: ಮಾತಾಡುವವರು ಹೆಸರು ಹೇಳಬೇಕು, ಮಾತು ಮಾಡರೇಟರ್ ಕಡೆಗೇ ಇರಬೇಕು, ಯಾರೂ ಇನ್ನೊಬ್ಬರನ್ನು ಉದ್ದೇಶಿಸಿ ಮಾತಾಡಬಾರದು.

ಶಿಕ್ಷಕರ ಒಪ್ಪಂದದ ವಿಷಯ ಮೊದಲು ಬಂತು. ಸಂಬಳದ ಏರಿಕೆಗೆ ಬೇಕಾದ ಹೆಚ್ಚುವರಿ ಹಣವನ್ನು ಊರು ಪ್ರತ್ಯೇಕವಾಗಿ ಒಪ್ಪಬೇಕು. ನಮ್ಮ ಶಾಲೆಯ ಶಿಕ್ಷಕಿಯರು ನದಿಯಾಚೆಯ ಊರಿಗೆ ಹೋದರೆ ಸಾವಿರಾರು ಡಾಲರ್ ಹೆಚ್ಚು ಪಡೆಯುತ್ತಾರೆ. ಎರಡು ವರ್ಷಗಳಲ್ಲಿ ಇಬ್ಬರು ಹೋಗಿದ್ದರು. ಹೆಚ್ಚು ಚರ್ಚೆಯಿಲ್ಲದೆ ಕಾರ್ಡುಗಳು ಮೇಲೆದ್ದವು.

ಬಳಿಕ ಮುಖ್ಯ ಬಜೆಟ್. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಒಟ್ಟು ಮೊತ್ತವನ್ನು ಶೇ 15ರಷ್ಟು ಇಳಿಸುವ ತಿದ್ದುಪಡಿ ಮಂಡಿಸಿದರು. ಯಾವುದನ್ನು ತೆಗೆಯಬೇಕು ಎಂದು ಮಾಡರೇಟರ್ ಕೇಳಲಿಲ್ಲ, ಕೇಳುವ ಅಗತ್ಯವೂ ಇಲ್ಲ. ಸಭೆ ಮತ ಹಾಕುವುದು ಒಟ್ಟು ಮೊತ್ತಕ್ಕೆ. ಒಳಗಿನ ಹಂಚಿಕೆ ಮಂಡಳಿಯದು. ಸಂಗೀತ ಬೇಡ, ಬಸ್ ಇರಲಿ ಎಂದು ಸಭೆ ಹೇಳಿದರೂ ಅದು ಸಲಹೆ ಮಾತ್ರ. ಒಪ್ಪಂದದ ಸಂಬಳದ ದರ, ಹೈಸ್ಕೂಲು ಶುಲ್ಕ, ವಿಶೇಷ ಶಿಕ್ಷಣ ಇವನ್ನು ಮುಟ್ಟುವಂತಿಲ್ಲ. ಶೇ 15 ಕಡಿತ ಉಳಿದ ಪುಟಗಳ ಮೇಲೆ ಬಿದ್ದರೆ ಗ್ರಂಥಪಾಲಕಿ, ಸಂಗೀತ, ಚಿತ್ರಕಲೆ, ಒಬ್ಬ ತರಗತಿ ಶಿಕ್ಷಕಿ ಹೋಗುತ್ತಾರೆ. ಎರಡು ತರಗತಿಗಳು ಒಂದೇ ಕೋಣೆ ಸೇರುತ್ತವೆ. ಸಮಿತಿಯ ಪರವಾಗಿ ಇದನ್ನು ವಿವರಿಸುವ ಕೆಲಸ ನನಗೆ ಬಂದಿತ್ತು. ಕರಡು ಪುಸ್ತಕದ ಆ ಪುಟಗಳನ್ನು ಗೋಡೆಯ ಪರದೆಯ ಮೇಲೆ ತೋರಿಸಿ, ಯಾವ ಖರ್ಚು ಯಾರ ಆದೇಶದಿಂದ ಬಂದದ್ದು ಎಂದು ಒಂದೊಂದಾಗಿ ಹೇಳಿದೆ.

ತಿದ್ದುಪಡಿ ತಂದವರನ್ನು ನಾನು ಮಕ್ಕಳ ಶತ್ರು ಎಂದು ಭಾವಿಸುವುದಿಲ್ಲ. ಅವರು ಹೇಳಿದ್ದು ಸತ್ಯ: ಅವರ ತೆರಿಗೆ ಹತ್ತು ವರ್ಷಗಳಲ್ಲಿ ತುಂಬಾ ಏರಿದೆ, ಆದಾಯ ಏರಿಲ್ಲ, ಮನೆ ಮಾರದೆ ಅದನ್ನು ಕಟ್ಟುವ ದಾರಿ ಕಾಣುತ್ತಿಲ್ಲ. ಅವರ ಸಿಟ್ಟು ತಲುಪಬೇಕಾದ ಜಾಗ ರಾಜಧಾನಿ ಕಾಂಕಾರ್ಡ್. ಆದರೆ ಕಾಂಕಾರ್ಡ್‌ನಲ್ಲಿ ಅವರ ಕೈಗೆ ಹಸಿರು ಕಾರ್ಡ್ ಕೊಡುವವರಿಲ್ಲ. ಮತ ಹಾಕಲು ಸಾಧ್ಯವಿರುವ ಒಂದೇ ಜಾಗ ಈ ಜಿಮ್, ಇಲ್ಲಿ ಕಡಿಯಲು ಸಿಗುವುದು ನೆರೆಮನೆಯ ಮಗುವಿನ ಪಾಠ ಮಾತ್ರ. ಈ ವ್ಯವಸ್ಥೆ ಅಜ್ಜಿಯನ್ನೂ ಮೊಮ್ಮಗಳ ವಯಸ್ಸಿನ ಮಕ್ಕಳನ್ನೂ ಎದುರುಬದುರು ನಿಲ್ಲಿಸುತ್ತದೆ. ಇದು ತಪ್ಪು ಎಂದು ನಾನು ನಂಬುತ್ತೇನೆ, ಆ ಸಭೆಯಲ್ಲೂ ಹೇಳಿದೆ.

ನನ್ನ ನಂತರ ಎದ್ದವರು ಎಂಬತ್ತು ದಾಟಿದ ಒಬ್ಬ ವಿಧವೆ. ಅವರ ಮಕ್ಕಳು ಊರು ಬಿಟ್ಟು ಎಷ್ಟೋ ವರ್ಷಗಳಾಗಿವೆ. "ನನಗೂ ಕಷ್ಟವಾಗುತ್ತದೆ. ಆದರೆ ನನ್ನ ಮಕ್ಕಳು ಓದಿದಾಗ ಅದಕ್ಕೆ ಕೊಟ್ಟವರು ಮಕ್ಕಳಿಲ್ಲದವರೂ ಹೌದು" ಎಂದು ಹೇಳಿ ಕೂತರು. ಐವರು ಮತದಾರರು ಲಿಖಿತವಾಗಿ ಕೇಳಿದ್ದರಿಂದ ಗುಪ್ತ ಮತದಾನ ನಡೆಯಿತು. ಸಾಲಾಗಿ ಹೋಗಿ ಚೀಟಿಯನ್ನು ಮರದ ಪೆಟ್ಟಿಗೆಗೆ ಹಾಕಿದೆವು. ತಿದ್ದುಪಡಿ ಬಿದ್ದುಹೋಯಿತು, ಅಂತರ ಹೆಚ್ಚಿರಲಿಲ್ಲ. ಬಳಿಕ ಸಮಿತಿ ಶಿಫಾರಸು ಮಾಡಿದ ಮೊತ್ತ ಅಂಗೀಕಾರವಾಯಿತು. ಕೂಡಲೇ ಮಂಡಳಿಯ ಸದಸ್ಯರೊಬ್ಬರು ಮರುಪರಿಶೀಲನೆಗೆ ನಿರ್ಬಂಧ ಹಾಕುವ ಸೂಚನೆ ತಂದರು. ಅದೂ ಅಂಗೀಕಾರವಾದರೆ ಜನ ಮನೆಗೆ ಹೊರಟ ಮೇಲೆ ಉಳಿದವರು ಅದೇ ಸಭೆಯಲ್ಲಿ ಮತ ಬದಲಿಸುವಂತಿಲ್ಲ. ಅನುಭವಸ್ಥರ ಈ ಎಚ್ಚರಿಕೆಯನ್ನು ಸಣ್ಣ ಊರಿನ ಸಭೆಗೆ ಹೋಗುವ ಯಾರೇ ಆಗಲಿ ಕಲಿತಿರಬೇಕು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಎಲ್ಲವನ್ನೂ ಕೇಳಿ, "ಊರು ಬೇಡ ಎನ್ನುವ ಸಾಧ್ಯತೆ ಇದ್ದೂ ಬೇಕು ಎಂದಿತಲ್ಲ, ಅದು ದೊಡ್ಡದು. ಆದರೆ ಪ್ರತಿ ವರ್ಷ ಮೇಷ್ಟರು ಹೀಗೆ ಕಾಯಬೇಕೆ?" ಎಂದರು. ಹೌದು, ಪ್ರತಿ ವರ್ಷ.

ಆ ವಸಂತದಲ್ಲಿ ಶಾಲಾ ಅನುದಾನಕ್ಕೆ ಸಂಬಂಧಿಸಿದ ಮಸೂದೆಯೊಂದರ ವಿಚಾರಣೆಗೆ ನಾನು ಕಾಂಕಾರ್ಡ್‌ಗೆ ಹೋದೆ. ನ್ಯೂ ಹ್ಯಾಂಪ್‌ಶೈರ್‌ನ ಕೆಳಮನೆಯಲ್ಲಿ 400 ಶಾಸಕರಿದ್ದಾರೆ, ಅವರ ಸಂಬಳ ವರ್ಷಕ್ಕೆ 100 ಡಾಲರ್. ಇಲ್ಲಿ ಪ್ರತಿ ಮಸೂದೆಗೂ ಬಹಿರಂಗ ವಿಚಾರಣೆ ನಡೆಯುತ್ತದೆ, ಹೆಸರು ಬರೆದುಕೊಟ್ಟರೆ ಯಾರಿಗೂ ಮಾತಾಡಲು ಅವಕಾಶವಿದೆ. ನನ್ನ ಕೆಲವು ನಿಮಿಷಗಳಲ್ಲಿ ಒಂದು ಊರಿನಲ್ಲಿ ಸಾವಿರಕ್ಕೆ 1 ಡಾಲರ್, ಸರೋವರದ ಊರಿನಲ್ಲಿ 10 ಸೆಂಟ್ ಎಂಬ ಲೆಕ್ಕವನ್ನೇ ಹೇಳಿದೆ. ಸಮಿತಿಯ ಒಬ್ಬ ಶಾಸಕರು ನಮ್ಮ ಊರಿನಲ್ಲಿ ಎಷ್ಟು ನೆಲ ಕಾಡಾಗಿ ದಾಖಲಾಗಿದೆ ಎಂದು ಕೇಳಿ ಬರೆದುಕೊಂಡರು.

ಒಪ್ಪಿದ ಬಜೆಟ್ಟಿನ ಪೂರ್ತಿ ಬೆಲೆ ಗೊತ್ತಾಗುವುದು ಶರತ್ಕಾಲದಲ್ಲಿ. ರಾಜ್ಯದ ಕಂದಾಯ ಇಲಾಖೆ ಊರಿನ ಆಸ್ತಿ, ಒಪ್ಪಿದ ಖರ್ಚು, ಬರುವ ನೆರವು ಎಲ್ಲವನ್ನೂ ಕೂಡಿಸಿ ಕಳೆದು ದರ ನಿಗದಿ ಮಾಡುತ್ತದೆ. ನಮ್ಮ ಶಾಲಾ ತೆರಿಗೆ ಏರಿತು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಈಗ ಸಮಿತಿಯ ಕೆಲಸದ ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. 65 ದಾಟಿದವರಿಗೆ ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ ಊರು ತೆರಿಗೆ ವಿನಾಯಿತಿ ಕೊಡುತ್ತದೆ, ಅರ್ಜಿಗೆ ಏಪ್ರಿಲ್ 15 ಕೊನೆ. ಕಡಿಮೆ ಆದಾಯದ ಮನೆ ಮಾಲೀಕರು ರಾಜ್ಯ ಶಿಕ್ಷಣ ತೆರಿಗೆಯಲ್ಲಿ ಒಂದು ಪಾಲನ್ನು ಮರಳಿ ಪಡೆಯಲು ಡಿಪಿ-8 ಎಂಬ ನಮೂನೆಯನ್ನು ಮೇ 1ರಿಂದ ಜೂನ್ 30ರೊಳಗೆ ಕಳಿಸಬೇಕು. ಅರ್ಹರಾಗಿಯೂ ಅರ್ಜಿ ಹಾಕದವರು ನಮ್ಮ ಬೀದಿಯಲ್ಲೇ ಇದ್ದರು. ತೆರಿಗೆ ಚೀಟಿ, ಹಿಂದಿನ ವರ್ಷದ ಆದಾಯದ ಕಾಗದ ಹಿಡಿದು ಬಂದವರಿಗೆ ಗ್ರಂಥಾಲಯದಲ್ಲಿ ಕೂತು ಅರ್ಜಿ ತುಂಬಿಕೊಡುತ್ತೇನೆ. ಶೇ 15 ಕಡಿತದ ತಿದ್ದುಪಡಿ ತಂದವರು ಮೊದಲ ವಾರವೇ ಬಂದಿದ್ದರು. ಅವರ ಅರ್ಜಿ ಮಂಜೂರಾಗಿದೆ.